ಗೆಲುವಿನ ಗ್ಯಾರಂಟಿ ಕೊಡದ ದೇವರ ಹಾಡುಗಳು: ನಿಮ್ಮ ಪಟ್ಟಿಯಲ್ಲಿ ಯಾರಿದ್ದಾರೆ?

ಬೆಟಗೇರಿಯವ

ಈ ಗುಂಪಿನಲ್ಲಿ ಹಾಡಿನ ಬಗ್ಗೆ ಮಾತಾಡುವವರು ಜಾಸ್ತಿ, ನಂಬಿಕೆ ಬಗ್ಗೆ ಮಾತಾಡುವವರು ಕಡಿಮೆ. ನನ್ನ ವಿಷಯದಲ್ಲಿ ಎರಡನ್ನೂ ಬಿಡಿಸಿ ಹೇಳಲು ಆಗುವುದಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತು ಇದ್ದಾಗ ಓದಿ.

ನಮ್ಮದು ಗದಗ-ಬೆಟಗೇರಿಯ ಹಳೇ ಬಾಸೆಲ್ ಮಿಷನ್ ಮನೆತನ. ಜರ್ಮನ್ ಮಾತಾಡುವ ಪ್ರೊಟೆಸ್ಟಂಟ್ ಪಾದ್ರಿಗಳ ಆ ಮಿಷನ್ ಅಲ್ಲಿಗೆ ಬಂದದ್ದು 1841ರಲ್ಲಿ. ನಮ್ಮವರು ಯಾವ ತಲೆಮಾರಿನಲ್ಲಿ ಸೇರಿದರು ಎಂಬ ಲೆಕ್ಕ ಮನೆಯಲ್ಲಿ ಯಾರ ಹತ್ತಿರವೂ ಇಲ್ಲ. ಅಜ್ಜ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಒಂದು ಹಾಡು ಜರ್ಮನ್ ಧಾಟಿಯದು, ಎದ್ದು ನಿಂತು ಹಾಡುವುದು. ಮುಂದಿನದು ನಮ್ಮ ಕಡೆಯ ಭಜನೆ ಧಾಟಿಯದು, ತಬಲಾ, ತಾಳ ಎಲ್ಲ ಇರುತ್ತಿತ್ತು. ನನಗೆ ಇವು ಎರಡು ಬೇರೆ ದೇಶದವು ಅಂತ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ.

ಓದಲು ಊರು ಬಿಟ್ಟ ಮೇಲೆ ಗೆಳೆಯನೊಬ್ಬ ಒಂದು ಹೊಸ ಸಭೆಗೆ ಕರೆದುಕೊಂಡು ಹೋದ. ಹೆಸರು ಬೇಡ. ಡ್ರಮ್ಸ್, ಕೀಬೋರ್ಡ್, ಗೋಡೆ ಮೇಲೆ ಹಾಡಿನ ಸಾಲು. ನಾನು ಅಲ್ಲಿ ಬೇಸ್ ಗಿಟಾರ್ ಕಲಿತೆ. ಸುಳ್ಳು ಹೇಳುವುದಿಲ್ಲ, ಅಲ್ಲಿ ನನಗೆ ದೇವರು ತುಂಬಾ ಹತ್ತಿರ ಅನ್ನಿಸಿದ್ದಾನೆ. ಆಮೇಲೆ ಅವ್ವನಿಗೆ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್ ಶುರುವಾಯಿತು. ಉಪವಾಸ ಪ್ರಾರ್ಥನೆ, ಎಣ್ಣೆ ಹಚ್ಚುವುದು, ರಾತ್ರಿ ಜಾಗರಣೆ, ಎಲ್ಲ ಆಯಿತು. ಗುಣ ಆಗಲಿಲ್ಲ. 'ಮನೆಯಲ್ಲಿ ಯಾರಿಗೋ ನಂಬಿಕೆ ಸಾಲದು' ಎಂದು ಒಬ್ಬ ಹಿರಿಯರು ಹೇಳಿದರು. ಅವ್ವ ಅದನ್ನು ಕೇಳಿಸಿಕೊಂಡಳು. ತನ್ನದೇ ನಂಬಿಕೆ ಸಾಲದೇನೋ ಎಂದು ಕೊರಗಿಕೊಂಡೇ ಹೋದಳು. ಮಣ್ಣು ಕೊಟ್ಟು ಬಂದ ಮೇಲೆ ನಾನು ಆ ಸಭೆಗೂ ಹೋಗಲಿಲ್ಲ, ಊರಿನ ಚರ್ಚಿಗೂ ಹೋಗಲಿಲ್ಲ.

ದೇವರ ಮೇಲೆ ಸಿಟ್ಟು ಅಂತಲ್ಲ. ಹಾಡುಗಳೇ ಆಗಿಬರುತ್ತಿರಲಿಲ್ಲ. ಎಲ್ಲ ಹಾಡೂ ಗೆಲುವಿನಲ್ಲೇ ಮುಗಿಯುತ್ತಿತ್ತು. ನಾಲ್ಕನೇ ನಿಮಿಷಕ್ಕೆ ಡ್ರಮ್ಸ್ ಏರಿತು ಅಂದರೆ ಬೆಟ್ಟ ಕದಲಿತು, ಸಮುದ್ರ ಇಬ್ಭಾಗವಾಯಿತು. ನಮ್ಮ ಮನೆಯಲ್ಲಿ ಏನೂ ಕದಲಿರಲಿಲ್ಲ.

ಬೆಂಗಳೂರಿನಲ್ಲಿ ರಾತ್ರಿ ಪಾಳಿ ಕೆಲಸ ಮಾಡುವಾಗ ಹಳೇ ಅಮೆರಿಕನ್ ರೆಕಾರ್ಡ್‌ಗಳ ಹುಚ್ಚು ಹತ್ತಿತು. ಬ್ಲೂಸ್ ಹುಡುಕುತ್ತಾ ಹೋದವನಿಗೆ ವಾಷಿಂಗ್ಟನ್ ಫಿಲಿಪ್ಸ್ ಸಿಕ್ಕ. ಟೆಕ್ಸಸ್‌ನ ಸಿಮ್ಸ್‌ಬರೋ ಎಂಬ ಹಳ್ಳಿಯ ಕಪ್ಪು ರೈತ. ಹೇಸರಗತ್ತೆ ಗಾಡಿಯಲ್ಲಿ ಬೆಳೆದದ್ದನ್ನು ಮಾರುತ್ತಿದ್ದ, ಬಿಡುವಾದಾಗ ಬೋಧನೆ ಮಾಡುತ್ತಿದ್ದ. 1927ರಿಂದ 1929ರ ನಡುವೆ ಕೊಲಂಬಿಯಾ ರೆಕಾರ್ಡ್ ಕಂಪನಿ ಡಲ್ಲಾಸ್‌ನಲ್ಲಿ ಅವನ 18 ಹಾಡು ಧ್ವನಿಮುದ್ರಿಸಿತು. ಈಗ 16 ಮಾತ್ರ ಉಳಿದಿವೆ. ಹಿನ್ನೆಲೆಯಲ್ಲಿ ತಂತಿವಾದ್ಯವೊಂದು ಕಿಣಿಕಿಣಿ ಅನ್ನುತ್ತದೆ. ಅದು ಡಾಲ್ಸಿಯೋಲಾ ಎಂದು ದಶಕಗಟ್ಟಲೆ ಬರೆದರು. ಅಲ್ಲ, ಅವನೇ ಮಾರ್ಪಡಿಸಿಕೊಂಡ ಜಿಥರ್. ಅವನು ಅದನ್ನು ಮ್ಯಾಂಜರೀನ್ ಅನ್ನುತ್ತಿದ್ದನಂತೆ. ಇನ್ನೂ ವಿಚಿತ್ರ ಕೇಳಿ. ಅವನು 1938ರಲ್ಲಿ ಆಸ್ಟಿನ್‌ನ ಹುಚ್ಚಾಸ್ಪತ್ರೆಯಲ್ಲಿ ಸತ್ತ ಎಂದೇ ಎಲ್ಲರೂ ನಂಬಿದ್ದರು. ಅದು ಅದೇ ಹೆಸರಿನ ಬೇರೆ ಮನುಷ್ಯ. ನಮ್ಮ ಫಿಲಿಪ್ಸ್ ಊರಲ್ಲೇ ಇದ್ದು 1954ರಲ್ಲಿ ತೀರಿಕೊಂಡ. ಮೈಕೆಲ್ ಕೊರ್ಕೊರನ್ ಎಂಬ ಪತ್ರಕರ್ತ ಊರಿಗೆ ಹೋಗಿ, ಅವನನ್ನು ಬಲ್ಲವರನ್ನು ಕೇಳಿ ಇದನ್ನು ಪತ್ತೆ ಹಚ್ಚಿದರು.

ಅವನ ದನಿಯಲ್ಲಿ ನನ್ನನ್ನು ಗೆಲ್ಲಿಸುವ ಆತುರವೇ ಇರಲಿಲ್ಲ. ಪಂಗಡಗಳ ಬಗ್ಗೆ ಎರಡು ಭಾಗದ ಒಂದು ಹಾಡಿದೆ. ಬ್ಯಾಪ್ಟಿಸ್ಟರು ಹೀಗೆ, ಮೆಥಡಿಸ್ಟರು ಹಾಗೆ ಎಂದು ಒಬ್ಬೊಬ್ಬರ ಕಾಲೆಳೆಯುತ್ತಾ ಹೋಗುತ್ತಾನೆ. ಯೇಸು ಇದ್ದರೆ ಸಾಕು, ಉಳಿದದ್ದು ನಿಮ್ಮ ಜಗಳ ಅನ್ನುತ್ತಾನೆ. ನಮ್ಮ ಮನೆಯಲ್ಲಿ ದೊಡ್ಡಪ್ಪ ಸಿಎಸ್ಐ (ದಕ್ಷಿಣ ಭಾರತ ಸಭೆ), ಸಣ್ಣತ್ತೆ ಪೆಂಟೆಕೋಸ್ಟ್, ಅಳಿಯ ಕ್ಯಾಥೊಲಿಕ್. ಕ್ರಿಸ್ಮಸ್ ಊಟದ ಹೊತ್ತಿಗೆ ಏನಾಗುತ್ತದೆ ಊಹಿಸಿಕೊಳ್ಳಿ. ಹಾಡು ಕೇಳಿ ಜೋರಾಗಿ ನಕ್ಕೆ. ದೇವರ ಹಾಡು ಕೇಳಿ ನಕ್ಕು ಎಷ್ಟೋ ಕಾಲವಾಗಿತ್ತು.

ಅಲ್ಲಿಂದ ಒಬ್ಬೊಬ್ಬರಾಗಿ ಸಿಕ್ಕರು. ಮಾರ್ಕ್ ಹರ್ಡ್ ಬಗ್ಗೆ ಆಮೇಲೆ ಬರೆಯುತ್ತೇನೆ. ಈಗ ಊರಿಗೆ ಹೋದಾಗ ಚರ್ಚಿಗೆ ಹೋಗುತ್ತೇನೆ. ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಕರ್ತನ ಭೋಜನ ತೆಗೆದುಕೊಳ್ಳುತ್ತೇನೆ. ದೇವರು ನಿನಗೇನು ಮಾಡಿದ ಎಂದು ಎಲ್ಲರ ಮುಂದೆ 'ಸಾಕ್ಷಿ ಹೇಳು' ಅಂದರೆ ಮಾತ್ರ ನನ್ನಿಂದಾಗದು. ನನ್ನ ಹತ್ತಿರ ಇರುವ ಸಾಕ್ಷಿ ಇಷ್ಟೇ: ಅದ್ಭುತ ನಡೆಯದ ಮನೆಯಲ್ಲೂ ಹಾಡಬಹುದು ಎಂದು ಕೆಲವರು ಹಾಡಿ ತೋರಿಸಿದ್ದಾರೆ.

ನಿಮಗೂ ಅಂಥವರು ಇದ್ದರೆ ಹೇಳಿ. ಒಂದೇ ಷರತ್ತು, ಎಲ್ಲರಿಗೂ ಗೊತ್ತಿರುವ ಹೆಸರು ಬೇಡ.

ರಾತ್ರಿಪಾಳಿ ರಾಯ

ಅದೇ ಡಲ್ಲಾಸ್, ಅದೇ 1927ರ ಡಿಸೆಂಬರ್ ಮೊದಲ ವಾರ, ಅದೇ ಕಂಪನಿಗೆ ಬ್ಲೈಂಡ್ ವಿಲ್ಲಿ ಜಾನ್ಸನ್ ಕೂಡ ಹಾಡಿದ್ದು. ಅವನ ಒಂದು ಹಾಡಿದೆ, ಯೇಸು ಸಾಯುವ ಮುನ್ನ ಗೆತ್ಸೇಮನೆ ತೋಟದಲ್ಲಿ ಕಳೆದ ರಾತ್ರಿಯ ಹಳೇ ಕೀರ್ತನೆ ಅದು. ಆದರೆ ಅವನು ಮಾತೇ ಹಾಡುವುದಿಲ್ಲ. ಬರೀ ಗುನುಗು, ಜೊತೆಗೆ ಸ್ಲೈಡ್ ಗಿಟಾರ್. 1977ರಲ್ಲಿ ನಾಸಾ ವಾಯೇಜರ್ ನೌಕೆಗಳಲ್ಲಿ ಇಟ್ಟ ಚಿನ್ನದ ರೆಕಾರ್ಡ್ ತಟ್ಟೆಯಲ್ಲಿ ಇದೂ ಇದೆ. ಅದೇ ತಟ್ಟೆಯಲ್ಲಿ ನಮ್ಮ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಕೂಡ ಇದ್ದಾರೆ. ವಾಯೇಜರ್ 1 ಸೂರ್ಯನ ಪ್ರಭಾವಲಯ ದಾಟಿದ್ದು 2012ರಲ್ಲಿ. ವಿಲ್ಲಿ ಸತ್ತದ್ದು 1945ರಲ್ಲಿ, ಬ್ಯೂಮಾಂಟ್ ಊರಿನಲ್ಲಿ. ಮನೆ ಸುಟ್ಟುಹೋಗಿತ್ತು, ಸುಟ್ಟ ಮನೆಯಲ್ಲೇ ಇದ್ದ, ಜ್ವರ ಬಂತು.

ಇದಕ್ಕಿಂತ ಜಾಸ್ತಿ ನಾನೇನೂ ಹೇಳುವುದಿಲ್ಲ. ಹೆಡ್‌ಫೋನ್ ಹಾಕಿ ಕೇಳಿ.

ಕಡಲಕರೆ ಬಾಯಿ

ಬೆಟಗೇರಿಯವರೇ, ನಿಮ್ಮ ಅಮ್ಮನ ವಿಷಯ ಓದಿ ಬೇಜಾರಾಯಿತು. ಕಾಯಿಲೆಯವರ ಹತ್ತಿರ ಹಾಗೆ ಮಾತಾಡುವವರು ಎಲ್ಲಾ ಪಂಗಡದಲ್ಲೂ ಇದ್ದಾರೆ. ನಮ್ಮಲ್ಲಿ ಮಾತು ಬೇರೆ ಇರುತ್ತದೆ, ಅಷ್ಟೇ.

ನಾನು ಮಂಗಳೂರು ಕಡೆಯವಳು, ಕ್ಯಾಥೊಲಿಕ್. ನಮ್ಮ ಊರಿನ ಎಷ್ಟೋ ಜನರ ಹಾಗೆ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡಿದವಳು. ಜೆರುಸಲೇಮಿನಲ್ಲಿದ್ದೆ. ನಾನು ನೋಡಿಕೊಳ್ಳುತ್ತಿದ್ದ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಸುತ್ತಾಡಿಸುವಾಗ ಇಥಿಯೋಪಿಯಾ ಬೀದಿ ಅಂತ ಒಂದು ಸಿಗುತ್ತಿತ್ತು. ಒಳಗಡೆ ದುಂಡಗಿನ ಇಗರ್ಜಿ (ಚರ್ಚು), ಕನ್ಯಾಸ್ತ್ರೀಯರ ಮಠ. ಎಷ್ಟು ಸಲ ಹೋಗಿದ್ದೇನೋ. ಆ ಮಠದಲ್ಲಿ ಎಮಾಹೋಯ್ ತ್ಸೆಗೆ ಮರಿಯಮ್ ಗೆಬ್ರು ಇದ್ದರು ಎಂದು ಗೊತ್ತಾದದ್ದು ಊರಿಗೆ ಬಂದ ಮೇಲೆ.

ಅವರ ಕಥೆ ಕೇಳಿ. 1923ರಲ್ಲಿ ಅದ್ದಿಸ್ ಅಬಾಬಾದ ದೊಡ್ಡ ಮನೆಯಲ್ಲಿ ಹುಟ್ಟಿದ್ದು. ಆರು ವರ್ಷಕ್ಕೆ ಸ್ವಿಟ್ಜರ್ಲೆಂಡಿನ ಬೋರ್ಡಿಂಗ್ ಶಾಲೆ. ಅಲ್ಲಿ ಪಿಟೀಲು, ಪಿಯಾನೋ. ಇಟಲಿಯವರು ಇಥಿಯೋಪಿಯಾ ಹಿಡಿದಾಗ ಇಡೀ ಕುಟುಂಬವನ್ನು ಅಸಿನಾರಾ ದ್ವೀಪಕ್ಕೆ ಕೈದಿಗಳಾಗಿ ಕಳಿಸಿದರು. ಬಿಡುಗಡೆಯಾದ ಮೇಲೆ ಕೈರೋದಲ್ಲಿ ಕೊಂಟೊರೊವಿಚ್ ಎಂಬ ಪಿಟೀಲು ಗುರುಗಳ ಹತ್ತಿರ ಅಭ್ಯಾಸ. ಮುಂದೆ ಲಂಡನ್ನಿನಲ್ಲಿ ಕಲಿಯುವ ಅವಕಾಶ ಬಂತು, ಹೋಗಲು ಅನುಮತಿ ಸಿಗಲಿಲ್ಲ. ಊಟ ಬಿಟ್ಟರು, ಸಾಯುವ ಸ್ಥಿತಿಗೆ ಬಂದರು. ಚೇತರಿಸಿಕೊಂಡ ಮೇಲೆ ಸಂಗೀತವನ್ನೇ ಬಿಟ್ಟು ಗಿಶೆನ್ ಮರಿಯಮ್ ಬೆಟ್ಟದ ಮಠಕ್ಕೆ ಹೋಗಿ ಸನ್ಯಾಸಿನಿಯಾದರು. ಹತ್ತು ವರ್ಷ ಬರಿಗಾಲಲ್ಲಿ ಇದ್ದರಂತೆ. ಆಮೇಲೆ ಮತ್ತೆ ಪಿಯಾನೋ ಮುಂದೆ ಕುಳಿತರು. 1967ರಲ್ಲಿ ಜರ್ಮನಿಯಲ್ಲಿ ಮೊದಲ ರೆಕಾರ್ಡ್ ಬಂತು. ಬಂದ ದುಡ್ಡು ಬಡ ಮಕ್ಕಳಿಗೆ. 1984ರ ಹೊತ್ತಿಗೆ ಜೆರುಸಲೇಮ್. 2023ರ ಮಾರ್ಚ್‌ನಲ್ಲಿ ತೀರಿಕೊಂಡರು, 99 ವರ್ಷ.

ಪಿಯಾನೋದಲ್ಲಿ ಯುರೋಪಿನ ಬೆರಳು, ಇಥಿಯೋಪಿಯಾದ ಐದು ಸ್ವರದ ಮನಸ್ಸು. ತಾಳ ಹಿಡಿದು ಕೂರಲು ಆಗುವುದಿಲ್ಲ. ಅವರಿಗೆ ಬೇಕಾದಲ್ಲಿ ನಿಲ್ಲುತ್ತಾರೆ, ಬೇಕಾದಲ್ಲಿ ಓಡುತ್ತಾರೆ. ನಾನು ತೆರ್ಸ್ (ಜಪಸರದ ಪ್ರಾರ್ಥನೆ) ಹೇಳುವ ಮುಂಚೆ ಒಂದು ಹಾಕಿಕೊಳ್ಳುತ್ತೇನೆ. ನನ್ನ ಗಂಡನಿಗೆ ಇದು 'ಟ್ಯೂನಿಂಗ್ ಮಾಡುವ ಹಾಗೆ' ಕೇಳುತ್ತದಂತೆ.

ಅಂದಹಾಗೆ ನಮ್ಮ ಕೊಂಕಣಿ ಹಾಡುಗಾರ ವಿಲ್ಫಿ ರೆಬಿಂಬಸ್ ಹೆಸರು ಹೇಳಬಹುದಾ? ಮಂಗಳೂರಿನಲ್ಲಿ ಅವರು ಗೊತ್ತಿಲ್ಲದ ಕೊಂಕಣಿ ಮನೆ ಇಲ್ಲ, ಘಟ್ಟ ಹತ್ತಿದರೆ ಕೇಳಿದವರಿಲ್ಲ. ನಿಮ್ಮ ಷರತ್ತಿಗೆ ಹೊಂದುತ್ತಾರಾ?

ಬೆಟಗೇರಿಯವ

ಹೊಂದುತ್ತಾರೆ ಮೇಡಂ, ನಾನು ಘಟ್ಟದ ಮೇಲಿನವ, ಹೆಸರು ಮಾತ್ರ ಕೇಳಿದ್ದೆ.

ತಕರಾರು ತಮ್ಮಯ್ಯ

ಒಂದು ತಕರಾರು. ನಾನು ಕ್ರೈಸ್ತನೇ, ಮೈಸೂರಿನವ. ವಾರವಾರ ಚರ್ಚಿಗೆ ಹೋಗುವವನು.

'ಎಲ್ಲರಿಗೂ ಗೊತ್ತಿರುವ ಹೆಸರು ಬೇಡ' ಅನ್ನುವ ಷರತ್ತು ಯಾಕೆ? ಜನರಿಗೆ ಗೊತ್ತಿಲ್ಲದವನು ಶುದ್ಧ, ಗೊತ್ತಿರುವವನು ವ್ಯಾಪಾರಿ, ಹೀಗಾ? ಇದು ಭಕ್ತಿಗಿಂತ ಜಾಸ್ತಿ ಸಂಗ್ರಹಕಾರರ ಜಂಬ. 'ನನಗೆ ಗೊತ್ತು, ನಿನಗೆ ಗೊತ್ತಿಲ್ಲ' ಅನ್ನುವ ಸುಖ. ಕಾಲೇಜಿನಲ್ಲಿ ಇಂಥವರ ಜೊತೆ ರೂಮಿನಲ್ಲಿದ್ದೆ, ಸಾಕಾಗಿದೆ.

ಇನ್ನೊಂದು, ಬ್ಲೈಂಡ್ ವಿಲ್ಲಿ ಆ ಕಾಲಕ್ಕೆ ಅಜ್ಞಾತನೇನಲ್ಲ. ಅವನ ಮೊದಲ ರೆಕಾರ್ಡ್ ಚೆನ್ನಾಗಿಯೇ ಮಾರಾಟವಾಯಿತು. ಫಿಲಿಪ್ಸ್‌ನದೂ ಮಾರಾಟವಾಯಿತು. ಅದಕ್ಕೇ ಕಂಪನಿ ಮತ್ತೆ ಮತ್ತೆ ಕರೆಸಿದ್ದು. 1929ರಲ್ಲಿ ಆರ್ಥಿಕ ಕುಸಿತ ಬಂತು, ಬಡವರು ರೆಕಾರ್ಡ್ ಕೊಳ್ಳುವುದು ನಿಂತಿತು, ಕಂಪನಿಗಳು ಇವರನ್ನು ಕೈಬಿಟ್ಟವು. ಕಪ್ಪು ಜನರ ರೆಕಾರ್ಡ್‌ಗಳನ್ನು ಬೇರೆ ಪಟ್ಟಿ ಮಾಡಿ ಮಾರುತ್ತಿದ್ದ ಕಾಲ ಅದು. ಅವರು ಮರೆಯಾದದ್ದು ವಿನಯದಿಂದಲ್ಲ. ಯಾರೋ ಮರೆಯಾಗಿಸಿದರು. ಅದನ್ನು ಅಧ್ಯಾತ್ಮ ಮಾಡಬೇಡಿ.

ಕೆಜಿಎಫ್ ಕೀಬೋರ್ಡ್

ತಮ್ಮಯ್ಯನವರು ಹೇಳಿದ್ದರಲ್ಲಿ ನ್ಯಾಯ ಇದೆ. ಆದರೆ ನನ್ನ ತಕರಾರು ಬೇರೆ. ನಾನು ಪೆಂಟೆಕೋಸ್ಟ್ ಸಭೆಯಲ್ಲಿ ಕೀಬೋರ್ಡ್ ನುಡಿಸುವವನು. ಡ್ರಮ್ಸ್ ಏರುವ ಆ 'ನಾಲ್ಕನೇ ನಿಮಿಷ' ಇದೆಯಲ್ಲ, ಅದನ್ನು ಏರಿಸುವವರಲ್ಲಿ ನಾನೂ ಒಬ್ಬ!

ಅಣ್ಣಾ, ಮೊದಲು ಒಂದು ಮಾತು. ನಿಮ್ಮ ತಾಯಿ ಕೇಳಿಸಿಕೊಳ್ಳುವ ಹಾಗೆ ಅದನ್ನು ಹೇಳಿದವರು, ಬೈಬಲಿನಲ್ಲಿ ಕಷ್ಟಕ್ಕೆ ಸಿಕ್ಕ ಯೋಬನ ಪುಸ್ತಕ ಇದೆಯಲ್ಲ, ಅದರಲ್ಲಿ ಬರುವ ಸ್ನೇಹಿತರ ಸಾಲಿಗೆ ಸೇರಿದವರು. ಆ ಪುಸ್ತಕದ ಕೊನೆಯಲ್ಲಿ ದೇವರಿಗೆ ಕೋಪ ಬರುವುದು ಗೋಳಾಡಿದ ಯೋಬನ ಮೇಲಲ್ಲ, ಉಪದೇಶ ಮಾಡಿದ ಸ್ನೇಹಿತರ ಮೇಲೆ. ನಮ್ಮ ಪಾಸ್ಟರ್ ಇದನ್ನು ವರ್ಷಕ್ಕೊಮ್ಮೆಯಾದರೂ ಹೇಳುತ್ತಾರೆ, ನಮ್ಮವರು ಅಷ್ಟೇ ಬೇಗ ಮರೆಯುತ್ತಾರೆ.

ಆದರೆ ನಮ್ಮ ಗದ್ದಲಕ್ಕೂ ಒಂದು ವಂಶಾವಳಿ ಇದೆ. ಅರಿಝೋನಾ ಡ್ರೇನ್ಸ್ ಕೇಳಿದ್ದೀರಾ? ಕಣ್ಣಿಲ್ಲದ ಕಪ್ಪು ಹೆಣ್ಣುಮಗಳು, ಟೆಕ್ಸಸ್‌ನವಳೇ. ಆಸ್ಟಿನ್‌ನ ಅಂಧರ ಶಾಲೆಯಲ್ಲಿ ಪಿಯಾನೋ ಕಲಿತಳು. ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಎಂಬ ಪೆಂಟೆಕೋಸ್ಟ್ ಪಂಗಡದ ಸಭೆಗಳಲ್ಲಿ ನುಡಿಸುತ್ತಿದ್ದಳು. 1926ರಲ್ಲಿ ಓಕೆ ಎಂಬ ರೆಕಾರ್ಡ್ ಕಂಪನಿ ಷಿಕಾಗೋಗೆ ಕರೆಸಿ ಮುದ್ರಿಸಿತು. ಹೆಂಡದಂಗಡಿಯಲ್ಲಿ ನುಡಿಸುವ ರ‍್ಯಾಗ್‌ಟೈಮ್ ಪಿಯಾನೋ, ಅದರ ಮೇಲೆ ದೇವರ ಹಾಡು. ಎಡಗೈ ಕುಣಿಯುತ್ತದೆ, ಬಲಗೈ ಚಪ್ಪಾಳೆ ತಟ್ಟಿದ ಹಾಗೆ ಬೀಳುತ್ತದೆ. ದುಡ್ಡು ಬೇಕೆಂದು ಕಂಪನಿಗೆ ಅವಳು ಬರೆಸಿದ ಪತ್ರಗಳು ಉಳಿದಿವೆ. ಓದಿದರೆ ಹೊಟ್ಟೆ ಉರಿಯುತ್ತದೆ. 1928ಕ್ಕೆ ರೆಕಾರ್ಡಿಂಗ್ ನಿಂತಿತು. ಅವಳು 1963ರವರೆಗೂ ಬದುಕಿದ್ದಳು.

ಅವಳ ಹಾಡಿನಲ್ಲೂ ಗೆಲುವೇ ಇದೆ ಅಣ್ಣಾ, ಗೋಳಿಲ್ಲ. ಕಣ್ಣಿಲ್ಲ, ಕಾಸಿಲ್ಲ, ಹೋದಲ್ಲೆಲ್ಲ ಹಿಂಬಾಗಿಲಿನಿಂದ ಒಳಗೆ ಹೋಗಬೇಕು. ಅಂಥವಳು ಗೆಲುವಿನ ಹಾಡು ಹಾಡಿದರೆ ಅದು ಗ್ಯಾರಂಟಿ ಕಾರ್ಡ್ ಅಲ್ಲ, ಜಗಳ. ನಮ್ಮ ಸಭೆಗೆ ಬರುವವರು ಗಾರ್ಮೆಂಟ್ಸ್ ಹೆಂಗಸರು, ಗಣಿ ಮುಚ್ಚಿ ಕೆಲಸ ಹೋದ ಮನೆಯವರು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅವರಿಗೆ ವಾರದಲ್ಲಿ ಆ ಒಂದು ದಿನ ಬೇಕು. ನಿಮಗೆ ಆ ಹಾಡು ಮುಳ್ಳಾಗಿದ್ದು ಹಾಡಿನಿಂದಲ್ಲ, ಅದರ ಜೊತೆ ಬಂದ ಬೋಧನೆಯಿಂದ.

ಬೆಟಗೇರಿಯವ

ಕೆಜಿಎಫ್ ತಮ್ಮಾ, ಅದನ್ನು ಇಷ್ಟು ಬಿಡಿಸಿ ಯಾರೂ ನನಗೆ ಹೇಳಿರಲಿಲ್ಲ. ಡ್ರೇನ್ಸ್ ನಿನ್ನೆ ರಾತ್ರಿಯೇ ಕೇಳಿದೆ. ಮೇಜು ಕುಟ್ಟಿ ಕುಟ್ಟಿ ಪಕ್ಕದ ಕುರ್ಚಿಯವನು ಎದ್ದುಹೋದ. ಆದರೂ ಒಂದು ಮಾತು ಬಿಟ್ಟುಕೊಡುವುದಿಲ್ಲ. ಅವಳು ಹಾಡುವಾಗ ಗೆಲುವು ಅವಳ ಗಂಟಲಿನದು. ಅದೇ ಹಾಡನ್ನು ಡಯಾಲಿಸಿಸ್ ಮಂಚದ ಪಕ್ಕ ಫೋನಿನಲ್ಲಿ ಹಾಕಿ 'ಹಾಡಿ ಅಮ್ಮಾ' ಅಂದರೆ ಅದು ಬೇರೆಯೇ. ಎರಡನ್ನೂ ನೋಡಿದ್ದೇನೆ.

ತಮ್ಮಯ್ಯನವರೇ, ಜಂಬ ಇಲ್ಲ ಅಂತ ಹೇಳಲಾರೆ. ಯಾವ ಸಂಗ್ರಹಕಾರನಿಗೆ ಇಲ್ಲ ಹೇಳಿ? ಆದರೆ ಷರತ್ತು ಹಾಕಿದ್ದಕ್ಕೆ ಕಾರಣ ಇದೆ. ದೊಡ್ಡ ಹೆಸರಿನವರ ಹಾಡು ನನಗೆ ಸಿಗುವ ಹೊತ್ತಿಗೆ ಅದರ ಅರ್ಥವನ್ನು ಹತ್ತು ಜನ ಹೇಳಿ ಮುಗಿಸಿರುತ್ತಾರೆ. ಇವರ ಹಾಡಿಗೆ ಯಾರೂ ಅರ್ಥ ಹೇಳಲು ಬರಲಿಲ್ಲ. ನಾನೇ ಒಬ್ಬನೇ ಕೂತು ಕೇಳಬೇಕಾಯಿತು.

ಮಾರ್ಕ್ ಹರ್ಡ್ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಜಾರ್ಜಿಯಾದ ಮೇಕನ್‌ನವನು, 1951ರಲ್ಲಿ ಹುಟ್ಟಿದ. ಸ್ವಿಟ್ಜರ್ಲೆಂಡಿನ ಲಾಬ್ರಿ ಎಂಬ ಕ್ರೈಸ್ತ ಅಧ್ಯಯನ ಕೇಂದ್ರದಲ್ಲಿ ಫ್ರಾನ್ಸಿಸ್ ಶೇಫರ್ ಎಂಬ ಚಿಂತಕನ ಹತ್ತಿರ ಕೆಲ ಕಾಲ ಕಲಿತ. ಅಮೆರಿಕದಲ್ಲಿ ಆಗ ಕ್ರೈಸ್ತ ಪಾಪ್ ಸಂಗೀತಕ್ಕೆ ತನ್ನದೇ ಮಾರುಕಟ್ಟೆ ಇತ್ತು: ಕ್ರೈಸ್ತ ಪುಸ್ತಕದಂಗಡಿಗಳು, ಕ್ರೈಸ್ತ ರೇಡಿಯೋ. ಹರ್ಡ್ ಅಲ್ಲಿಗೆ ಸರಿಹೊಂದಲಿಲ್ಲ. ಹಾಡಿನಲ್ಲಿ ಸಂಶಯ ಜಾಸ್ತಿ, ಉತ್ತರ ಕಡಿಮೆ. ಹೊರಗಿನ ರಾಕ್ ಮಾರುಕಟ್ಟೆಗೆ ಅವನು ಚರ್ಚಿನ ಹುಡುಗ. ಎರಡೂ ಕಡೆ ಬಾಗಿಲು ಅರೆ ತೆರೆದಿತ್ತು, ಪೂರ್ತಿ ಯಾವುದೂ ತೆರೆಯಲಿಲ್ಲ. ಬೇರೆಯವರ ಆಲ್ಬಂಗಳಿಗೆ ರೆಕಾರ್ಡಿಂಗ್ ಕೆಲಸ ಮಾಡಿ ಹೊಟ್ಟೆ ಹೊರೆದ. ಕೊನೆಗೆ ತನ್ನದೇ ಫಿಂಗರ್‌ಪ್ರಿಂಟ್ ಎಂಬ ಪುಟ್ಟ ಲೇಬಲ್ ಮಾಡಿಕೊಂಡು 1990, 1991, 1992ರಲ್ಲಿ ಒಂದರ ಹಿಂದೆ ಒಂದು ಮೂರು ಆಲ್ಬಂ ತಂದ. ನನ್ನ ಲೆಕ್ಕದಲ್ಲಿ ಆ ಮೂರರ ಮುಂದೆ ಆ ಕಾಲದ ಇಡೀ ಕ್ರೈಸ್ತ ಪಾಪ್ ಸಪ್ಪೆ. 1992ರ ಜುಲೈನಲ್ಲಿ ಇಲಿನಾಯ್‌ನ ಕಾರ್ನರ್‌ಸ್ಟೋನ್ ಎಂಬ ಕ್ರೈಸ್ತ ಸಂಗೀತ ಉತ್ಸವದಲ್ಲಿ ಹಾಡುತ್ತಿರುವಾಗಲೇ ಹೃದಯಾಘಾತವಾಯಿತು. ಕಾರ್ಯಕ್ರಮ ಮುಗಿಸಿಯೇ ಆಸ್ಪತ್ರೆಗೆ ಹೋದನಂತೆ. ಆಗಸ್ಟ್‌ನಲ್ಲಿ ತೀರಿಕೊಂಡ, 40 ವರ್ಷ. ಅಂದು ಅವನ ಜೊತೆ ವೇದಿಕೆಯಲ್ಲಿದ್ದವರಲ್ಲಿ ಪಿಯರ್ಸ್ ಪೆಟಿಸ್ ಒಬ್ಬ. ಆಮೇಲೆ ಅವನು ತನ್ನ ಆಲ್ಬಂಗಳಲ್ಲಿ ಹರ್ಡ್‌ನ ಒಂದೊಂದು ಹಾಡು ಇಟ್ಟುಕೊಂಡೇ ಬಂದ.

ನಾನು ಬಿಟ್ಟುಬಂದ ಸಭೆಯಲ್ಲಿ ಸಂಶಯ ಅಂದರೆ ಪಾಪ. ಹರ್ಡ್ ಕೇಳಿದ ಮೇಲೆ ಅನ್ನಿಸಿದ್ದು, ಸಂಶಯವನ್ನೂ ದೇವರ ಮುಂದೆಯೇ ಇಟ್ಟು ಹಾಡಬಹುದು, ಅದಕ್ಕಾಗಿ ಆಚೆ ಹೋಗಬೇಕಾಗಿಲ್ಲ.

ಹಳೇ ಹಾರ್ಮೋನಿಯಂ

ಧಾರವಾಡದಿಂದ ಬರೆಯುತ್ತಿದ್ದೇನೆ. ನಿವೃತ್ತ ಸಂಗೀತ ಮಾಸ್ತರ. ಚರ್ಚಿನಲ್ಲಿ ಈಗಲೂ ಪೆಟ್ಟಿಗೆ ನುಡಿಸುತ್ತೇನೆ.

ತಮ್ಮಾ, ಸಂಶಯದ ಹಾಡು ಹುಡುಕಲು ಇಲಿನಾಯ್‌ವರೆಗೆ ಹೋಗಿದ್ದೀಯ. ಸತ್ಯವೇದ (ಬೈಬಲ್) ತೆಗೆದು 88ನೇ ಕೀರ್ತನೆ ಓದು. ದಾವೀದನದಲ್ಲ, ಹೇಮಾನನ ಹೆಸರಿನಲ್ಲಿದೆ. ಬೇರೆ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ನಿಲ್ಲುತ್ತದೆ. ಅದನ್ನು ಯಾರೂ ತಿದ್ದದೆ ಹಾಗೇ ಉಳಿಸಿಕೊಂಡು ಬಂದಿದ್ದಾರೆ. ಆದರೆ ನಮ್ಮ ಚರ್ಚುಗಳಲ್ಲಿ ಅದನ್ನು ಹಾಡಿದ್ದು ನಾನು ಕೇಳಿಲ್ಲ. ಧಾಟಿ ಹಾಕುವವರು ಯಾರಾದರೂ ಇದ್ದರೆ ಹಾಕಬೇಕು.

ಇನ್ನು ಗೊತ್ತಿಲ್ಲದ ಸಂಗೀತಗಾರರ ಮಾತು. ಕಿಟ್ಟೆಲ್ ಅಂದರೆ ಎಲ್ಲರೂ 1894ರ ನಿಘಂಟು ಅನ್ನುತ್ತಾರೆ. ಬೆಂಗಳೂರಿನಲ್ಲಿ ಪ್ರತಿಮೆ ನಿಂತಿರುವುದೂ ಅದಕ್ಕೇ. 1853ರಲ್ಲಿ ಬಂದ ಆ ಮನುಷ್ಯ 1862ರಲ್ಲಿ 'ಕಥಾಮಾಲೆ' ಬರೆದ ಎಂದು ಎಷ್ಟು ಜನರಿಗೆ ಗೊತ್ತು? ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ, ಹಾಡಲು ಬರುವ ಹಾಗೆ ಮಾಡಿದ್ದು. ಜರ್ಮನ್ ಕೀರ್ತನೆಗಳನ್ನು ಕನ್ನಡಕ್ಕೆ ತಂದು ಅದೇ ಧಾಟಿಯಲ್ಲಿ ಹಾಡಿಸುವುದು ಮಿಷನ್ನಿನವರ ರೂಢಿ. ಕಿಟ್ಟೆಲ್ ಜನ ಹೇಗೆ ಹಾಡುತ್ತಾರೆ ಎಂದು ಕಿವಿಗೊಟ್ಟು ಕೇಳಿದ. ಆಮೇಲೆ ನಾಗವರ್ಮನ ಛಂದೋಂಬುಧಿಯನ್ನೂ ಅಚ್ಚು ಹಾಕಿಸಿದ, 1875ರಲ್ಲಿ. ನೀನು ಚಿಕ್ಕವನಿದ್ದಾಗ ಎರಡು ಬಗೆಯ ಹಾಡು ಕೇಳಿದೆ ಅಂದೆಯಲ್ಲ, ಎರಡೂ ಒಂದೇ ಮನೆಯವೇ.

ಅಜ್ಞಾತರು ಅಂದರೆ ಇನ್ನೂ ಆಳಕ್ಕೆ ಹೋಗಬೇಕು. ನಮ್ಮ ಹಳ್ಳಿ ಸಭೆಗಳಲ್ಲಿ ಹಾಡುವ ಎಷ್ಟೋ ಭಜನೆಗಳು ಪುಸ್ತಕದಲ್ಲೇ ಇಲ್ಲ. ಯಾರೋ ಉಪದೇಶಿ ಕಟ್ಟಿದ್ದು, ಯಾರದೋ ಮನೆಯ ಹೆಂಗಸರು ಬೀಸುವಾಗ ಹಾಡಿದ್ದು. ಧಾಟಿ ಕೇಳಿದರೆ ಒಂದು ಕಡೆ ತತ್ವಪದ, ಒಂದು ಕಡೆ ಸೋಬಾನೆ. ಹಾಡುವವರು ಹೋದರೆ ಅದೂ ಹೋಯಿತು. ಫಿಲಿಪ್ಸ್‌ನದು 16 ಆದರೂ ಉಳಿದಿದೆ.

ಖಾನಾಪುರ ಕಡೆಯವ

ಮಾಸ್ತರ ಮಾತಿಗೆ ಸೇರಿಸುತ್ತೇನೆ. ನಮ್ಮ ಬೆಳಗಾವಿ ಕಡೆ ಮರಾಠಿ ಆರಾಧನೆಗೂ ಹೋಗುತ್ತೇವೆ, ಕನ್ನಡ ಆರಾಧನೆಗೂ ಹೋಗುತ್ತೇವೆ. ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರ ಹಾಡುಗಳು. 1861ರಲ್ಲಿ ಕೊಂಕಣದ ಬ್ರಾಹ್ಮಣ ಮನೆಯಲ್ಲಿ ಹುಟ್ಟಿ 1895ರಲ್ಲಿ ದೀಕ್ಷಾಸ್ನಾನ ಪಡೆದವರು. ತುಕಾರಾಮನ ಸೇತುವೆ ಮೇಲಿನಿಂದಲೇ ಕ್ರಿಸ್ತನ ಹತ್ತಿರ ಬಂದೆ ಅನ್ನುತ್ತಿದ್ದರು. ಅಭಂಗದ ಧಾಟಿ, ಕೀರ್ತನದ ಧಾಟಿ. ಅವರ ಹೆಂಡತಿ ಲಕ್ಷ್ಮೀಬಾಯಿ ಗಂಡ ಮತ ಬಿಟ್ಟಾಗ ಪಟ್ಟ ಪಾಡನ್ನು 'ಸ್ಮೃತಿಚಿತ್ರೆ'ಯಲ್ಲಿ ನಗುನಗುತ್ತಾ ಬರೆದಿದ್ದಾರೆ. ಮುಂದೆ ಅವರೂ ಕ್ರೈಸ್ತರಾದರು. ಮರಾಠಿ ಓದಲು ಬಂದರೆ ಬಿಡಬೇಡಿ. ಟಿಳಕರು ಮರಾಠಿಯಲ್ಲಿ ದೊಡ್ಡ ಹೆಸರು, ನಿಪ್ಪಾಣಿ ದಾಟಿದರೆ ಹೆಸರಿಲ್ಲ. ಷರತ್ತಿಗೆ ಸರಿಹೋಗುತ್ತದೆ.

ಸುಮ್ನೆ ಕೇಳುಗ

ನಾನು ಕ್ರೈಸ್ತನಲ್ಲ. ದೇವರನ್ನೂ ಅಷ್ಟಾಗಿ ನಂಬುವವನಲ್ಲ. ಆದರೆ ಬಿಲ್ ಫೇ ಹಾಡುಗಳನ್ನು ಕೇಳದೆ ವಾರ ಕಳೆಯುವುದಿಲ್ಲ. ಯೇಸು ಬರುತ್ತಾನೆ, ಕೊನೆಯ ದಿನಗಳು ಬರುತ್ತವೆ, ನಾನು ಸುಮ್ನೆ ಕೇಳುತ್ತೇನೆ. ನಂಬದವನು ಇಂಥದ್ದನ್ನು ಕೇಳುವುದು ನಿಮಗೆಲ್ಲ ಹೇಗೆ ಅನ್ನಿಸುತ್ತದೆ? ನಿಜವಾಗಿಯೂ ತಿಳಿಯಬೇಕು ಅಂತ ಕೇಳುತ್ತಿದ್ದೇನೆ.

ಕೆಜಿಎಫ್ ಕೀಬೋರ್ಡ್

ಕೇಳಿ ಸರ್, ಅದಕ್ಕೇನು. ನಾನು ಪುರಂದರದಾಸರನ್ನು ಕೇಳುವುದಿಲ್ವಾ?

ಬೆಟಗೇರಿಯವ

ಬಿಲ್ ಫೇ ಹೆಸರು ಬಂದದ್ದು ಖುಷಿಯಾಯಿತು. ಗೊತ್ತಿಲ್ಲದವರಿಗೆ ಎರಡು ಮಾತು. ಉತ್ತರ ಲಂಡನ್ನಿನವರು. 1970ರಲ್ಲಿ ಒಂದು, 1971ರಲ್ಲಿ ಒಂದು ಆಲ್ಬಂ. ಮಾರಾಟವಾಗಲಿಲ್ಲ, ಕಂಪನಿ ಕೈಬಿಟ್ಟಿತು. ಆಮೇಲೆ ತೋಟದ ಕೆಲಸ, ಮೀನು ಪ್ಯಾಕ್ ಮಾಡುವ ಕೆಲಸ, ಕ್ಲೀನಿಂಗ್ ಕೆಲಸ. ಮನೆಯಲ್ಲಿ ಪಿಯಾನೋ ಮುಂದೆ ಕೂತು ಹಾಡು ಕಟ್ಟುವುದನ್ನು ಮಾತ್ರ ನಿಲ್ಲಿಸಲಿಲ್ಲ. ಜೋಶುವಾ ಹೆನ್ರಿ ಎಂಬ ಅಮೆರಿಕನ್ ಹುಡುಗ ಅಪ್ಪನ ರೆಕಾರ್ಡ್ ರಾಶಿಯಲ್ಲಿ ಇವರ ಹಾಡು ಕೇಳಿ ಬೆಳೆದವನು. ಅವನೇ ಹುಡುಕಿಕೊಂಡು ಹೋಗಿ 2012ರಲ್ಲಿ ಹೊಸ ಆಲ್ಬಂ ಮಾಡಿಸಿದ. ಸುಮಾರು 40 ವರ್ಷದ ನಂತರ! 2025ರ ಫೆಬ್ರವರಿಯಲ್ಲಿ ತೀರಿಕೊಂಡರು.

ನಿಮ್ಮ ಪ್ರಶ್ನೆಗೆ ಬಂದರೆ, ನಾನು ಚರ್ಚಿಗೆ ಹೋಗದ ಆ ವರ್ಷಗಳಲ್ಲಿ ನಾನೂ ನಿಮ್ಮ ಹಾಗೇ ಸುಮ್ನೆ ಕೇಳುತ್ತಿದ್ದೆ. ಆಗ ಯಾರಾದರೂ ಬಂದು 'ಈ ಹಾಡು ನಿನಗಲ್ಲ' ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನೀವು ಕೇಳಿ. ನಂಬಲಿ ಎಂದು ನಾನು ಕಾಯುತ್ತಾ ಕೂರುವುದಿಲ್ಲ, ಹೆದರಬೇಡಿ.

ತಕರಾರು ತಮ್ಮಯ್ಯ

ಇಲ್ಲಿ ನನಗೊಂದು ಇರುಸುಮುರುಸು ಇದೆ. ಎಲ್ಲರೂ ಹಾಡು ಹಾಡು ಅನ್ನುತ್ತಿದ್ದೀರಿ. ನಂಬಿಕೆ ಅಂದರೆ ಬರೀ ಕಿವಿಯಲ್ಲಿ ಇರುವುದಲ್ಲ. ಸಭೆ ಬೇಕು, ವಾಕ್ಯ ಬೇಕು, ಪಕ್ಕದಲ್ಲಿ ಕೂರುವ ಕಿರಿಕಿರಿ ಮನುಷ್ಯ ಬೇಕು. ಹೆಡ್‌ಫೋನ್ ಹಾಕಿಕೊಂಡು ಸತ್ತವರ ಜೊತೆ ಆರಾಧನೆ ಮಾಡುವುದು ಸುಲಭ. ಸತ್ತವರು ಚಂದಾ ಕೇಳುವುದಿಲ್ಲ, ಜಗಳ ಆಡುವುದಿಲ್ಲ.

ಬೆಟಗೇರಿಯವ

ಇದು ಸರಿಯಾಗಿ ನಾಟಿತು. ಹಿಂದಿನ ಬೆಂಚಿಗೆ ವಾಪಸ್ ಹೋದದ್ದು ಅದಕ್ಕೇ ಸರ್. ಕಿರಿಕಿರಿ ಮನುಷ್ಯರಿಗೆ ಅಲ್ಲಿ ಏನೂ ಕೊರತೆ ಇಲ್ಲ.

ಮಾಸ್ತರ, ನಿಮ್ಮನ್ನು ಒಂದು ಕೇಳಬೇಕು. ನಮ್ಮ ಚಿಕ್ಕಮ್ಮ ಬೆಟಗೇರಿಯಲ್ಲೇ ಇದ್ದಾರೆ. ಅಜ್ಜ ಕಟ್ಟಿದ ಒಂದೆರಡು ಭಜನೆ ಅವರಿಗೆ ಬಾಯಿಪಾಠ. ಯಾವ ಪುಸ್ತಕದಲ್ಲೂ ಇಲ್ಲ. ಮುಂದಿನ ಸಲ ಹೋದಾಗ ಮುದ್ರಿಸಿಕೊಳ್ಳಬೇಕು. ನನ್ನ ಹತ್ತಿರ ಫೋನ್ ಬಿಟ್ಟರೆ ಏನೂ ಇಲ್ಲ.

ಹಳೇ ಹಾರ್ಮೋನಿಯಂ

ಫೋನ್ ಸಾಕು. ಫ್ಯಾನ್ ಆರಿಸು. ಫೋನನ್ನು ಮೇಜಿನ ಮೇಲೆ ನೇರವಾಗಿ ಇಡಬೇಡ, ಮಡಚಿದ ಟವೆಲ್ ಮೇಲೆ ಇಡು, ಇಲ್ಲದಿದ್ದರೆ ಮೇಜಿನ ಸದ್ದೇ ಬರುತ್ತದೆ. ಅವರಿಗೆ ಶ್ರುತಿ ಕೊಡಲು ಹೋಗಬೇಡ. ಅವರು ಎಲ್ಲಿ ಹಿಡಿಯುತ್ತಾರೋ ಅದೇ ಶ್ರುತಿ. ನೀನು ಪೆಟ್ಟಿಗೆ ಮೇಲೆ ಆಮೇಲೆ ಹುಡುಕಿಕೋ. ಮೊದಲು ಒಂದು ಸಲ ಬರೀ ಮಾತು ಹೇಳಿಸು, ಬರೆದುಕೋ. ನಂತರ ಹಾಡಿಸು. ಚಪ್ಪಾಳೆ ಹೊಡೆಯುತ್ತಾ ಒಂದು ಸಲ, ಹೊಡೆಯದೆ ಒಂದು ಸಲ. ಒಂದೇ ಹಾಡನ್ನು ಎರಡು ಸಲ ಎರಡು ತರ ಹಾಡಿದರೆ ತಿದ್ದಬೇಡ, ಎರಡೂ ಇಟ್ಟುಕೋ. ಯಾರಿಂದ ಕಲಿತರು, ಯಾವ ಹಬ್ಬಕ್ಕೆ ಹಾಡುತ್ತಿದ್ದರು ಎಂಬುದನ್ನೂ ಅವರ ಬಾಯಿಂದಲೇ ಹೇಳಿಸಿ ಮುದ್ರಿಸು. ಮೊದಲ ಹಾಡಿಗೆ ನಾಚಿಕೊಳ್ಳುತ್ತಾರೆ. ಚಹಾ ಆದ ಮೇಲೆ ಸರಿಹೋಗುತ್ತದೆ.

ತಕರಾರು ತಮ್ಮಯ್ಯ

ಆ ರೆಕಾರ್ಡಿಂಗ್ ಆದ ಮೇಲೆ ಇಲ್ಲೇ ಹಾಕಿ, ಚಿಕ್ಕಮ್ಮ ಒಪ್ಪಿದರೆ.

ಫಿಲಿಪ್ಸ್ ಕೇಳಿದೆ. ಪಂಗಡಗಳ ಹಾಡು ನಿಜಕ್ಕೂ ಚೆನ್ನಾಗಿದೆ, ನಮ್ಮ ಪಾಸ್ಟರಿಗೂ ಕಳಿಸಿದೆ. ಉಳಿದವು ನನಗೆ ಒಂದೇ ತರ ಕೇಳಿದವು. ಕಡಲಕರೆ ಮೇಡಂ, ನಿಮ್ಮ ಎಮಾಹೋಯ್ ಎಲ್ಲಿಂದ ಶುರು ಮಾಡಬೇಕು?

ಕಡಲಕರೆ ಬಾಯಿ

'ಎಥಿಯೋಪಿಕ್' ಎಂಬ ಸರಣಿಯಲ್ಲಿ 21ನೇ ಸಂಪುಟ ಪೂರ್ತಿ ಅವರದೇ, 2006ರಲ್ಲಿ ಬಂದದ್ದು. ಬರೀ ಪಿಯಾನೋ. ಅಲ್ಲಿಂದ ಶುರು ಮಾಡಿ. ಬೆಳಿಗ್ಗೆ ಬೇಡ, ಕೆಲಸ ಮುಗಿದ ಮೇಲೆ ಕೇಳಿ. ಅದು ಹಿಡಿಸಿದರೆ ಅವರೇ ಹಾಡಿದ ಮನೆಯ ರೆಕಾರ್ಡಿಂಗ್‌ಗಳೂ ಈಚೆಗೆ ಬಂದಿವೆ. ದನಿ ಸಣ್ಣದು, ವಾಲ್ಯೂಮ್ ಸ್ವಲ್ಪ ಜಾಸ್ತಿ ಇಡಬೇಕು.